ವಿಚಾರಣೆಯೋ, ವಿಚಾರಣೆಯ ನಾಟಕವೋ?

‘ನಮ್ಮ ಕಾರ್ಖಾನೆಯಲ್ಲಿ ಲೈಂಗಿಕ ಕಿರುಕುಳದ ದೂರು ಒಂದೂ ಇಲ್ಲ’ ಎಂದು ಹೆಮ್ಮೆಪಡುವ ಧಣಿಗಳಿದ್ದಾರೆ. ದೂರಿಲ್ಲವೆಂದ ಮಾತ್ರಕ್ಕೆ ಅನ್ಯಾಯವಿಲ್ಲವೆಂದು ನಾವು ನಂಬಬೇಕೆ? ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಯುವ ಹೆಣ್ಣುಮಗಳ ಗಂಟೆಯ ಲೆಕ್ಕ, ರಜೆ, ಓವರ್‌ಟೈಮು ಎಲ್ಲವೂ ಸೂಪರ್‌ವೈಸರನ ಕೈಯಲ್ಲಿರುವಾಗ, ಅವನ ಮೇಲೆ ದೂರು ಕೊಡುವುದೆಂದರೆ ಅನ್ನವನ್ನೇ ಪಣಕ್ಕಿಟ್ಟಂತೆ. ಅಲ್ಲಿಯ ಮೌನ ನೆಮ್ಮದಿಯದಲ್ಲ, ಭಯದ್ದು.

ದೂರು ಕೊಡುವ ಹಕ್ಕು ಧಣಿಗಳ ದಯೆಯಿಂದ ಬಂದದ್ದಲ್ಲ. 1992ರಲ್ಲಿ ರಾಜಸ್ಥಾನದಲ್ಲಿ, ಸರ್ಕಾರದ ಕೆಲಸವಾಗಿ ಬಾಲ್ಯವಿವಾಹ ತಡೆಯಹೋದ ಭಂವರಿದೇವಿಯವರ ಮೇಲೆ ಅತ್ಯಾಚಾರವಾಯಿತು. ಆ ಬಳಿಕ ಮಹಿಳಾ ಸಂಘಟನೆಗಳು ಹೂಡಿದ ಅರ್ಜಿಯ ಮೇಲೆ 1997ರಲ್ಲಿ ಸುಪ್ರೀಂ ಕೋರ್ಟು ವಿಶಾಖಾ ತೀರ್ಪು ಕೊಟ್ಟಿತು. ಅದು ಕಾನೂನಾಗಲು ಮತ್ತೆ 16 ವರ್ಷ ಹಿಡಿಯಿತು.

2013ರ ಆ ಕಾನೂನು ಹೇಳುವುದು ಸ್ಪಷ್ಟವಾಗಿದೆ. 10 ಅಥವಾ ಹೆಚ್ಚು ಜನ ದುಡಿಯುವಲ್ಲೆಲ್ಲ ಆಂತರಿಕ ಸಮಿತಿ ಇರಬೇಕು. ಹಿರಿಯ ಮಹಿಳಾ ನೌಕರರೇ ಅದರ ಅಧ್ಯಕ್ಷರಾಗಬೇಕು, ಅರ್ಧಕ್ಕೆ ಕಡಮೆಯಿಲ್ಲದಷ್ಟು ಹೆಂಗಸರಿರಬೇಕು, ಹೊರಗಿನವರೊಬ್ಬರು ಇರಬೇಕು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಆದರೆ ಸಮಿತಿಯನ್ನು ನೇಮಿಸುವವನು ಧಣಿ, ಹೊರಗಿನವರನ್ನು ಆರಿಸುವವನೂ ಧಣಿ! ಕಾನೂನಿನ ಜಾರಿಯಲ್ಲಿ ಗಂಭೀರ ಲೋಪಗಳಿವೆಯೆಂದು ಸುಪ್ರೀಂ ಕೋರ್ಟೇ 2023ರಲ್ಲಿ ಹೇಳಬೇಕಾಯಿತು.

ನಿಜವಾದ ವಿಚಾರಣೆ ಹೇಗಿರಬೇಕು? ಬರೆಯಲು ಬಾರದವಳ ದೂರನ್ನು ಬರೆಸಿಕೊಳ್ಳುವುದು ಸಮಿತಿಯ ಕರ್ತವ್ಯ. ವಿಚಾರಣೆ ಮುಗಿಯುವವರೆಗೆ ಆಕೆ ಕೇಳಿದರೆ ವರ್ಗಾವಣೆಯನ್ನೋ, 3 ತಿಂಗಳವರೆಗಿನ ರಜೆಯನ್ನೋ ಕೊಡಲು ಅವಕಾಶವಿದೆ. ಕೇಳದವಳನ್ನು ಬೇರೆ ವಿಭಾಗಕ್ಕೆ ಅಟ್ಟುವುದು ಶಿಕ್ಷೆಯೇ ಸರಿ. ಆಪಾದಿತನ ಕೈಯಿಂದ ಆಕೆಯ ಕೆಲಸದ ವರದಿ ಬರೆಸಕೂಡದು. ರಾಜಿ ಆಕೆ ಬಯಸಿದರೆ ಮಾತ್ರ. ಹಣ ಕೊಟ್ಟು ಬಾಯಿ ಮುಚ್ಚಿಸುವ ರಾಜಿಗೆ ಕಾನೂನಿನಲ್ಲಿ ಎಡೆಯಿಲ್ಲ. ಆಕೆಯ ಹೆಸರು ಹೊರಬೀಳಕೂಡದು.

‘ಸುಳ್ಳು ದೂರಿನ ಗತಿಯೇನು?’ ಎಂಬ ಪ್ರಶ್ನೆ ಕೂಡಲೇ ಏಳುತ್ತದೆ. ಆಪಾದಿತನ ಮಾತನ್ನು ಕೇಳಬಾರದೆನ್ನುವವರು ನಾವಲ್ಲ. ಇಬ್ಬರ ಮಾತನ್ನೂ ಸಾಕ್ಷಿಗಳನ್ನೂ ಕೇಳಬೇಕು, ವರದಿ ಇಬ್ಬರಿಗೂ ಸಿಗಬೇಕು. ಆದರೆ ರುಜುವಾತಾಗದ ದೂರೆಲ್ಲ ಸುಳ್ಳು ದೂರಲ್ಲ. ಕಾನೂನೂ ಹಾಗೆಂದೇ ಹೇಳುತ್ತದೆ. ನಾಲ್ಕು ಗೋಡೆಗಳ ನಡುವೆ ನಡೆದ ದುಷ್ಕೃತ್ಯಕ್ಕೆ ಬಡವಳು ಸಾಕ್ಷಿ ಎಲ್ಲಿಂದ ತರಬೇಕು?

ಸಮಿತಿ ರಚಿಸದ ಧಣಿಗೆ ಮೊದಲ ಸಲದ ದಂಡ 50,000 ರೂಪಾಯಿವರೆಗೆ ಮಾತ್ರ. ದೊಡ್ಡ ಕಾರ್ಖಾನೆಗೆ ಇದು ಎಲೆ ಅಡಿಕೆಯ ಖರ್ಚು. ಮತ್ತೆ ತಪ್ಪಿದರೆ ಲೈಸೆನ್ಸು ರದ್ದು ಮಾಡುವ ಅಧಿಕಾರವಿದೆ. ಅದನ್ನು ಬಳಸಿರೆಂಬುದು ನಮ್ಮ ಆಗ್ರಹ. ಸಮಿತಿಯ ಸದಸ್ಯರನ್ನೂ ಹೊರಗಿನವರನ್ನೂ ಕಾರ್ಮಿಕರ ಒಪ್ಪಿಗೆಯಿಂದಲೇ ಆರಿಸಬೇಕೆಂಬುದು ಎರಡನೆಯದು. ಹತ್ತಕ್ಕಿಂತ ಕಡಮೆ ಜನರಿರುವ ಅಂಗಡಿಯವರಿಗೂ, ಧಣಿಯ ಮೇಲೆಯೇ ದೂರಿರುವವರಿಗೂ ಜಿಲ್ಲೆಯ ಸ್ಥಳೀಯ ಸಮಿತಿಯೇ ಗತಿ. ಅದರ ವಿಳಾಸವನ್ನು ಪ್ರತಿ ಹೋಬಳಿಯಲ್ಲೂ ಸಾರಬೇಕೆಂಬುದು ಮೂರನೆಯದು.

ದುಡಿಯುವ ತಾಯಂದಿರೇ, ಅಕ್ಕತಂಗಿಯರೇ! ನಿಮ್ಮ ಕಾರ್ಖಾನೆಯ ಸಮಿತಿಯಲ್ಲಿ ಯಾರಿದ್ದಾರೆಂದು ನಾಳೆಯೇ ಕೇಳಿರಿ. ಒಬ್ಬಳೇ ಕೇಳಿದರೆ ಗದರಿಸುವ ಬಾಯಿ, ನೂರು ಜನ ಸಂಘ ಕಟ್ಟಿ ಕೇಳಿದಾಗ ಉತ್ತರ ಕೊಡಲೇಬೇಕಾಗುತ್ತದೆ.