ಮಳೆ ತಡೆದ ಪಂದ್ಯ

ಸಕಲೇಶಪುರ, ಆಲೂರುಗಳ ಬೆಟ್ಟಸೀಮೆಯವರಿಗೆ ಮಳೆ ಬಿಡುವುದನ್ನು ಕಾದು ಕುಳಿತುಕೊಳ್ಳುವುದನ್ನು ಯಾರೂ ಕಲಿಸಬೇಕಾದುದಿಲ್ಲ. ಹೇಮಾವತಿ ಕೆಂಪಾಗಿ ಹರಿಯತೊಡಗಿತೆಂದರೆ, ಶಿರಾಡಿ ಘಾಟಿಯ ದಾರಿ ಇಂದು ತೆರೆದಿದೆಯೋ ಮುಚ್ಚಿದೆಯೋ ಎಂಬುದೇ ಪೇಟೆಯಲ್ಲಿ ಬೆಳಗಿನ ಮೊದಲ ಪ್ರಶ್ನೆ. ಇಂತಹ ಸೀಮೆಯ ವಾಚಕರ ಮುಂದೆ ಸಮುದ್ರದಾಚೆಯ ಒಂದು ಮೋಟಾರು ಪಂದ್ಯದ ವೃತ್ತಾಂತವನ್ನು ಇಡಲು ನಮಗೆ ಸಂಕೋಚವಿಲ್ಲ. ಆ ಪಂದ್ಯವನ್ನೂ ಮಳೆಯೇ ತಡೆದಿತ್ತು. ತಡೆದ ಮೇಲೆ ಅಲ್ಲಿ ನಡೆದುದೇನೆಂಬುದು ನಮ್ಮವರು, ವಿಶೇಷವಾಗಿ ನಮ್ಮ ಅಧಿಕಾರಿವರ್ಗದವರು, ಕಿವಿಗೊಟ್ಟು ಕೇಳತಕ್ಕ ವಿಷಯವಾಗಿದೆ.

ಅಮೆರಿಕಾ ಸಂಯುಕ್ತ ಸಂಸ್ಥಾನದ ಫ್ಲಾರಿಡಾ ಪ್ರಾಂತದಲ್ಲಿ ಡೇಟೋನಾ ಬೀಚ್ ಎಂಬ ಕಡಲತೀರದ ಪಟ್ಟಣವಿದೆ. 1959ನೆಯ ಇಸವಿಯಿಂದ ಅಲ್ಲಿ ವರ್ಷಕ್ಕೊಮ್ಮೆ 500 ಮೈಲಿಗಳ ಪಂದ್ಯ ನಡೆಯುತ್ತ ಬಂದಿದೆ. ಎರಡೂವರೆ ಮೈಲಿಯ ದಾರಿಯನ್ನು 200 ಸಾರಿ ಸುತ್ತಬೇಕು. ಇದನ್ನು ಸ್ಟಾಕ್ ಕಾರ್ ಪಂದ್ಯವೆನ್ನುವರು. ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಬಂಡಿಯನ್ನೇ ಓಡಿಸುವುದೆಂದು ಅದರ ಮೂಲಾರ್ಥ. ಈಗಿನ ಬಂಡಿಗಳಿಗೆ ಅಂಗಡಿಯ ಬಂಡಿಯ ಹೋಲಿಕೆ ಮಾತ್ರ ಉಳಿದಿದೆ. ಆ ದೇಶದ ದಕ್ಷಿಣದ ಬೆಟ್ಟಗಳಲ್ಲಿ ಕಳ್ಳಭಟ್ಟಿಯನ್ನು ಸಾಗಿಸುತ್ತಿದ್ದವರು ಪೊಲೀಸರ ಕೈಗೆ ಸಿಕ್ಕದಂತೆ ಮೋಟಾರು ಓಡಿಸುತ್ತಿದ್ದ ಚಾತುರ್ಯವು ಈ ಆಟದ ಬೇರುಗಳಲ್ಲೊಂದು. 1948ರಲ್ಲಿ ನ್ಯಾಸ್‌ಕಾರ್ ಎಂಬ ಸಂಸ್ಥೆ ಹುಟ್ಟಿ ಅದಕ್ಕೆ ಕಟ್ಟಳೆಗಳನ್ನು ವಿಧಿಸಿತು. ಕಾನೂನಿಗೆ ತಪ್ಪಿಸಿಕೊಂಡು ಓಡಿದವರ ಆಟವು ಕಾನೂನಿಗೆ ಇಷ್ಟು ಕಟ್ಟುಬಿದ್ದುದು ಒಂದು ವಿನೋದವೇ ಸರಿ.

2021ನೆಯ ಇಸವಿ ಫೆಬ್ರವರಿ 14ನೆಯ ತಾರೀಖು ಮಧ್ಯಾಹ್ನ ಪಂದ್ಯ ಹೊರಟಿತು. 14ನೆಯ ಸುತ್ತಿನಲ್ಲಿಯೇ 16 ಬಂಡಿಗಳು ಒಂದಕ್ಕೊಂದು ತಾಗಿ ಕೆಟ್ಟವು. ಅದರ ಹಿಂದೆಯೇ ಸಿಡಿಲು, ಮಳೆ. ಕೆಂಪು ಬಾವುಟ ಮೇಲೇರಿತು. ಅಲ್ಲಿನ ಟೈರುಗಳು ಗೀರಿಲ್ಲದ ನುಣುಪಿನವು, ತಿರುವುಗಳಲ್ಲಿ ನೆಲವು 31 ಡಿಗ್ರಿಗಳಷ್ಟು ಓರೆಯಾದುದು. ನೀರು ನಿಂತ ಆ ದಾರಿಯಲ್ಲಿ ಓಡಿಸುವುದೆಂದರೆ ಆತ್ಮಹತ್ಯೆಯೇ. ಬಂಡಿಗಳು 5 ಗಂಟೆ 40 ನಿಮಿಷಗಳ ಕಾಲ ನಿಂತಲ್ಲಿಯೇ ನಿಂತವು.

ಈ ನಿಲುಗಡೆಯೇ ನಮ್ಮ ಗಮನವನ್ನು ಸೆಳೆದುದು. ಮೈದಾನದ ಸುತ್ತ 8 ಮೈಲಿಗಳೊಳಗೆ ಸಿಡಿಲು ಕಂಡರೆ ಓಟವನ್ನು ನಿಲ್ಲಿಸತಕ್ಕದ್ದು; ಕಡೆಯ ಸಿಡಿಲಿನ ತರುವಾಯ 30 ನಿಮಿಷ ಕಳೆಯದೆ ಮತ್ತೆ ಆರಂಭಿಸತಕ್ಕದ್ದಲ್ಲ. ಇದು ಮೊದಲೇ ಬರೆದಿಟ್ಟ ನಿಯಮ. ಯಾವ ಅಧಿಕಾರಿಯ ಆ ಹೊತ್ತಿನ ಮನೋಧರ್ಮವೂ ಅಲ್ಲ. ಕೆಂಪು ಬಾವುಟ ಹಾರುತ್ತಿರುವಷ್ಟು ಕಾಲ ಯಾವ ತಂಡದವರೂ ತಮ್ಮ ಬಂಡಿಯನ್ನು ಮುಟ್ಟುವಂತಿಲ್ಲ. ಕೋಟ್ಯಧೀಶನ ಯಂತ್ರಜ್ಞರೂ ಬಡತಂಡದವರ ಪಕ್ಕದಲ್ಲಿ ಕೈಕಟ್ಟಿ ನಿಲ್ಲಬೇಕು. ಮಳೆ ನಿಂತ ಮೇಲೆ ದಾರಿಯನ್ನು ಯಂತ್ರಗಳಿಂದ ಒಣಗಿಸುವರು. ನಿಂತಾಗ ಯಾರು ಯಾರ ಹಿಂದೆ ಇದ್ದರೋ ಅದೇ ಕ್ರಮದಲ್ಲಿ ಸಾಲು ಮುಂದುವರಿಯುವುದು. ಕಾಯುವಿಕೆಯಿಂದ ಯಾರಿಗೂ ಲಾಭವಿಲ್ಲ, ಯಾರಿಗೂ ನಷ್ಟವಿಲ್ಲ.

ಆ ಸಾಲಿನಲ್ಲಿ ಕಾದವರಲ್ಲಿ ಮೈಕಲ್ ಮೆಕ್‌ಡೊವೆಲ್ ಎಂಬ 36 ವರ್ಷದ ಚಾಲಕನೊಬ್ಬನು. 2008ರಲ್ಲಿ ಈ ಶ್ರೇಣಿಗೆ ಬಂದವನು. ಬಂದ ವರ್ಷವೇ ಟೆಕ್ಸಾಸಿನಲ್ಲಿ ಇವನ ಬಂಡಿ ಗೋಡೆಗೆ ಬಡಿದು ಹಲವು ಸಾರಿ ಉರುಳಿತು, ಈತನು ಎದ್ದು ನಡೆದು ಹೊರಬಂದನು. ಅನಂತರದ ಕೆಲವು ವರ್ಷಗಳ ಇವನ ಕಸುಬು ಕೇಳುವವರಿಗೆ ಮರುಕ ಹುಟ್ಟಿಸುವಂತಹುದು. ಹಣವಿಲ್ಲದ ತಂಡಗಳ ಪರವಾಗಿ ಪಂದ್ಯಕ್ಕೆ ಹೊರಟು, ನಾಲ್ಕು ಸುತ್ತು ಓಡಿಸಿ, ಟೈರಿನ ಖರ್ಚೂ ಬಾರದಂತೆ ಬಂಡಿಯನ್ನು ಬದಿಗೆ ತಂದು ನಿಲ್ಲಿಸುವುದು. ಕಡೆಯ ಸ್ಥಾನಗಳಿಗೆ ಸಲ್ಲುವ ಹಣವನ್ನು ಪಡೆದು ಮುಂದಿನ ಊರಿಗೆ ಹೋಗುವುದು. 2021ರಲ್ಲಿ ಇವನಿದ್ದ ಫ್ರಂಟ್ ರೋ ತಂಡವೂ ದೊಡ್ಡದಲ್ಲ. ಅಂದಿನವರೆಗೆ ಹೊರಟ 357 ಪಂದ್ಯಗಳಲ್ಲಿ ಒಂದನ್ನೂ ಈತನು ಗೆದ್ದಿರಲಿಲ್ಲ. ಬಾಜಿ ಕಟ್ಟುವವರು ಇವನ ಮೇಲೆ ಒಂದಕ್ಕೆ ನೂರು ಕೊಡುತ್ತೇವೆಂದಿದ್ದರು.

ನಡುರಾತ್ರಿ ಕಳೆಯಿತು. 98 ಸುತ್ತುಗಳಲ್ಲಿ ಮುಂದಿದ್ದ, ಹಿಂದಿನ ಎರಡು ವರ್ಷ ಗೆದ್ದಿದ್ದ ಡೆನಿ ಹ್ಯಾಮ್ಲಿನ್ ಹಿಂದೆ ಬಿದ್ದಿದ್ದನು. ಕಡೆಯ ಸುತ್ತಿನಲ್ಲಿ ಜೋಯಿ ಲೊಗಾನೊ ಮೊದಲನೆಯವನು, ಬ್ರಾಡ್ ಕೆಸೆಲೊವ್ಸ್ಕಿ ಎರಡನೆಯವನು. ಇಬ್ಬರೂ ಒಂದೇ ಸಿರಿವಂತ ತಂಡದವರು, ಇಬ್ಬರೂ ಹಿಂದೆ ಚಾಂಪಿಯನ್ನರಾದವರು. ಮೂರನೆಯವನಾದ ಮೆಕ್‌ಡೊವೆಲ್ ಕೆಸೆಲೊವ್ಸ್ಕಿಯನ್ನು ಹಿಂದಿನಿಂದ ಒತ್ತುತ್ತ ಬಂದನು. ಅವನು ಮುಂದೆ ಹೋಗಲು ಯತ್ನಿಸುವಷ್ಟರಲ್ಲಿ ಜೊತೆಗಾರರಿಬ್ಬರೂ ತಾಗಿಕೊಂಡು ಬೆಂಕಿಯ ನಡುವೆ ಚದುರಿಹೋದರು. ಆ ಸಂದಿನಲ್ಲಿ ಮೆಕ್‌ಡೊವೆಲ್ ನುಗ್ಗಿದನು. ಎಚ್ಚರಿಕೆಯ ದೀಪ ಹೊತ್ತಿಕೊಂಡ ಕ್ಷಣದಲ್ಲಿ ಅವನು ಚೇಸ್ ಎಲಿಯಟ್‌ಗಿಂತ ಮುಂದಿದ್ದನೆಂದು ಚಿತ್ರಗಳನ್ನು ನೋಡಿ ನಿರ್ಣಯಿಸಿದರು. ಎಲಿಯಟ್ ಹಿಂದಿನ ವರ್ಷದ ಚಾಂಪಿಯನ್. ಆದರೂ ನಿರ್ಣಯ ಬದಲಾಗಲಿಲ್ಲ.

ಅದೃಷ್ಟವೆನ್ನುವವರು ಅನ್ನಲಿ. ಅದೃಷ್ಟವಿಲ್ಲವೆಂದು ನಾವೂ ಹೇಳುವುದಿಲ್ಲ. ಆದರೆ 199 ಸುತ್ತು ಉಳಿದುಕೊಂಡು ಮೂರನೆಯವನಾಗಿ ಬಂದವನಿಗಲ್ಲದೆ ಆ ಅದೃಷ್ಟ ಮತ್ತಾರಿಗೆ ಒದಗುತ್ತಿತ್ತು? ಮಳೆಯಲ್ಲಿ ನಿಂತ ಆರು ಗಂಟೆಗಳಷ್ಟು ಕಾಲ ದೊಡ್ಡ ತಂಡದವರಿಗೆ ಒಂದು ವಿನಾಯಿತಿ ದೊರಕಿದ್ದರೂ ಆ ಮೂರನೆಯ ಸ್ಥಾನ ಅವನಿಗೆ ಒದಗುತ್ತಿತ್ತೇ ಎಂಬುದನ್ನು ವಾಚಕರು ಯೋಚಿಸಬೇಕು.

ಇನ್ನೊಂದು ಸಂಗತಿ. ಅವನ ಬಂಡಿಯ ಮೇಲೆ ಬರೆದಿದ್ದುದು ಲವ್ಸ್ ಎಂಬ ಸಂಸ್ಥೆಯ ಹೆಸರು. ಆ ದೇಶದ ಹೆದ್ದಾರಿಗಳಲ್ಲಿ ಲಾರಿ ಚಾಲಕರು ಎಣ್ಣೆ ತುಂಬಿಸಿ, ಉಂಡು, ಸ್ನಾನ ಮಾಡಿ, ಬಂಡಿ ನಿಲ್ಲಿಸಿ ಮಲಗುವ ತಂಗುದಾಣಗಳನ್ನು ನಡೆಸುವವರು ಅವರು. ಇದನ್ನು ಓದಿದಾಗ ನಮ್ಮ ಕಣ್ಣ ಮುಂದೆ ನಿಂತುದು ಮಾರನಹಳ್ಳಿಯಿಂದ ಗುಂಡ್ಯದವರೆಗಿನ ಇಳಿಜಾರು.

2021ರ ಜುಲೈನಲ್ಲಿ ದೋಣಿಗಾಲಿನ ಬಳಿ ರಸ್ತೆಯೇ ಕುಸಿಯಿತು. 2024ರ ಜುಲೈನಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಜರಿದು ಬಂಡಿಗಳು ಮಣ್ಣಿನಲ್ಲಿ ಸಿಕ್ಕಿಕೊಂಡವು. ಅದೇ ತಿಂಗಳ 26ರಂದು ಎಡಕುಮೇರಿ, ಕಡಗರವಳ್ಳಿಗಳ ನಡುವೆ ರೈಲುದಾರಿಯೂ ಜರಿದು ಹಲವು ದಿನ ರೈಲುಗಳು ನಿಂತವು. ಮಳೆಯನ್ನು ಯಾವ ಸರ್ಕಾರವೂ ತಡೆಯಲಾರದು. ಅಪಾಯ ಕಂಡಾಗ ದಾರಿಯನ್ನು ಮುಚ್ಚುವುದು ಸರಿಯೆಂದೇ ನಾವು ಒಪ್ಪುತ್ತೇವೆ. ನಮ್ಮ ಆಕ್ಷೇಪ ಮುಚ್ಚುವ ಕ್ರಮದ ಮೇಲೆ. ಆಜ್ಞೆಯೇನೋ ಹೊರಡುತ್ತದೆ, ಸಾಲಿನ ಕೊನೆಯಲ್ಲಿರುವ ಲಾರಿಯವನಿಗೆ ಅದು ತಿಳಿಯುವುದು ಎದುರಿಗೆ ತಿರುಗಿ ಬಂದ ಮತ್ತೊಬ್ಬನ ಬಾಯಿಂದ. ಸಣ್ಣ ಮೋಟಾರಿನವರು ಸಾಲನ್ನು ಬಿಟ್ಟು ಬಲಕ್ಕೆ ನುಗ್ಗುವರು. ದಾರಿ ತೆರೆದಾಗ ಎದುರಿನಿಂದ ಬರುವವರಿಗೆ ಜಾಗವೇ ಇರದು. ಮಂಗಳೂರಿನ ಆಸ್ಪತ್ರೆಗೆ ಹೊರಟ ರೋಗಿಯೂ ಅದರಲ್ಲಿ ಸಿಕ್ಕಿಬೀಳುವನು. ತರಕಾರಿ ಕೊಳೆತ ನಷ್ಟ ಯಾರ ತಲೆಗೆ ಬೀಳುವುದೆಂದು ಹೇಳಬೇಕಾದುದಿಲ್ಲ.

ವಿನೋದಕ್ಕಾಗಿ ಓಡುವ ಬಂಡಿಗಳಿಗೆ ಇರುವ ನಿಯಮ ಹೊಟ್ಟೆಯ ಪಾಡಿಗಾಗಿ ಓಡುವ ಬಂಡಿಗಳಿಗೆ ಏಕಿರಬಾರದು? ಎಷ್ಟು ಮಳೆ ಬಿದ್ದರೆ ಘಾಟಿಯನ್ನು ಮುಚ್ಚತಕ್ಕದ್ದು, ಯಾರು ನೋಡಿ ಒಪ್ಪಿದ ಮೇಲೆ ತೆರೆಯತಕ್ಕದ್ದು, ಮುಚ್ಚಿರುವಾಗ ಗಂಟೆಗೊಮ್ಮೆ ಸುದ್ದಿ ತಿಳಿಸುವವರು ಯಾರು, ಸಾಲನ್ನು ಮುರಿದವನಿಗೆ ದಂಡವೇನು, ಆಂಬುಲೆನ್ಸಿಗೆ ಬಿಡತಕ್ಕ ದಾರಿ ಯಾವುದು ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಬಹುದು. ಆಲೂರು, ಸಕಲೇಶಪುರಗಳ ಬಳಿ ಲಾರಿಗಳು ತಂಗುವುದಕ್ಕೆ ನೀರು, ಶೌಚಗೃಹ, ಬಿಸಿ ಊಟಗಳಿರುವ ಮೈದಾನಗಳನ್ನು ಏರ್ಪಡಿಸಿದರೆ ಘಾಟಿಯ ತುದಿಯಲ್ಲಿ ಸಾಲೇ ಬೆಳೆಯದು. ಹಾಸನ, ದಕ್ಷಿಣ ಕನ್ನಡ ಜಿಲ್ಲೆಗಳ ಅಧಿಕಾರಿಗಳು ಮುಂದಿನ ಮುಂಗಾರಿಗೆ ಮುನ್ನ ಒಟ್ಟಿಗೆ ಕುಳಿತು ಆ ಹಾಳೆಯನ್ನು ಸಿದ್ಧಪಡಿಸಿ, ಸಕಲೇಶಪುರದಲ್ಲಿಯೂ ಗುಂಡ್ಯದಲ್ಲಿಯೂ ಚಾಲಕರು ಓದುವಷ್ಟು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಸಿ ನಿಲ್ಲಿಸುವರೆಂದು ನಾವು ನಿರೀಕ್ಷಿಸುತ್ತೇವೆ.