ಬ್ರೌಸರು ಮುಚ್ಚಿಕೊಂಡರೆ ತಪ್ಪು ಯಾರದು?

ಕಂಪ್ಯೂಟರಿನ ಬಳಕೆಯು ನಮ್ಮ ಸೀಮೆಯ ಹಳ್ಳಿಹಳ್ಳಿಗೂ ವ್ಯಾಪಿಸಿರುವ ಈ ಕಾಲದಲ್ಲಿ ಅದರೊಡನೆಯೇ ಒಂದು ಹೊಸ ಮಾತೂ ಜನರ ನಾಲಗೆಯ ಮೇಲೆ ನೆಲಸಿದೆ. ‘ಸರ್ವರ್ ಡೌನ್’ ಎಂಬುದೇ ಆ ಮಾತು. ಪಹಣಿಗೆಂದು ಹೋದ ರೈತನೂ, ಪಡಿತರಕ್ಕೆಂದು ಹೋದ ಗೃಹಿಣಿಯೂ, ವಿದ್ಯಾರ್ಥಿವೇತನಕ್ಕೆಂದು ಹೋದ ಹುಡುಗನೂ ಅದನ್ನು ಕೇಳಿ ಬರಿಗೈಯಲ್ಲಿ ಹಿಂದಿರುಗುವುದುಂಟು. ಕೆಲವೊಮ್ಮೆ ಆ ಮಾತು ನಿಜವೇ ಆಗಿರುತ್ತದೆ. ಆದರೆ ನಿಜವಲ್ಲದ ಕಡೆಯಲ್ಲಿಯೂ ಅದನ್ನೇ ಹೇಳಿ ಕೈತೊಳೆದುಕೊಳ್ಳುವ ರೂಢಿಯು ಬೆಳೆದಿರುವುದನ್ನು ನಾವು ಆಕ್ಷೇಪಿಸುತ್ತೇವೆ. ರೋಗಕ್ಕೆ ತಪ್ಪು ಹೆಸರಿಟ್ಟ ಮೇಲೆ ಮದ್ದನ್ನು ಹುಡುಕುವವರು ಯಾರು?

ನಮ್ಮ ಕಣ್ಣೆದುರಿಗೆ ನಡೆದ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕಾಗಿದೆ. ಹನೂರಿನಾಚೆಯ ಹಳ್ಳಿಯೊಂದರಿಂದ ಕೊಳ್ಳೇಗಾಲಕ್ಕೆ ಬಂದು ಓದುತ್ತಿರುವ ನಮ್ಮ ವಿದ್ಯಾರ್ಥಿನಿಯೊಬ್ಬಳು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕಾಗಿದ್ದಿತು. ಕೊನೆಯ ದಿನಾಂಕಕ್ಕೆ ಎರಡೇ ದಿನ ಉಳಿದಿದ್ದುವು. ಆಕೆ ಮೊದಲು ಹನೂರಿನ ಸೇವಾಕೇಂದ್ರವೊಂದಕ್ಕೆ ಹೋದಳು. ಅಲ್ಲಿ ಅರ್ಜಿಯ ಜಾಲತಾಣವನ್ನು ತೆರೆದೊಡನೆಯೇ ಬ್ರೌಸರು ತಾನಾಗಿಯೇ ಮುಚ್ಚಿಕೊಂಡಿತು. ಮತ್ತೆ ತೆರೆದರೆ ಮತ್ತೆ ಮುಚ್ಚಿಕೊಂಡಿತು. ‘ಸರ್ವರ್ ಡೌನ್, ನಾಳೆ ಬನ್ನಿ’ ಎಂದರು. ಬಸ್ಸು ಹಿಡಿದು ಕಾಲೇಜಿಗೆ ಬಂದಳು. ನಮ್ಮ ಕಂಪ್ಯೂಟರಿನಲ್ಲಿಯೂ ಅದೇ ಗತಿಯಾಯಿತು. ಎರಡು ಊರುಗಳಲ್ಲಿ ಒಂದೇ ರೀತಿ ಆದಮೇಲೆ ದೋಷವು ಜಾಲತಾಣದ್ದೇ ಎಂದು ಅಲ್ಲಿ ನೆರೆದವರೆಲ್ಲರೂ ತೀರ್ಪು ಕೊಟ್ಟರು. ಆ ಹುಡುಗಿಯ ಮುಖವನ್ನು ನೋಡಿ ನಾವೂ ಆ ಜಾಲತಾಣವನ್ನು ರಚಿಸಿದವರನ್ನು ಮನಸ್ಸಿನಲ್ಲಿಯೇ ಶಪಿಸಿದೆವೆಂಬುದನ್ನು ಮುಚ್ಚಿಡಬೇಕಾಗಿಲ್ಲ.

ಆದರೆ ಸ್ವಲ್ಪ ಆಲೋಚಿಸಿದರೆ ಈ ತೀರ್ಪು ನಿಲ್ಲುವುದಿಲ್ಲ. ದೂರದ ಸರ್ವರು ಕೆಲಸ ನಿಲ್ಲಿಸಿದ್ದರೆ ನಮ್ಮ ಬ್ರೌಸರು ಜೀವದಿಂದಲೇ ಇದ್ದು, ‘ಪುಟವು ದೊರೆಯಲಿಲ್ಲ’ ಎಂಬರ್ಥದ ಸಂದೇಶವನ್ನು ತೋರಿಸುತ್ತದೆ. ಕಾಗದ ಬಾರದಿದ್ದರೆ ಓದುವವನು ಸಾಯುವುದಿಲ್ಲವಷ್ಟೆ! ಇಲ್ಲಿಯಾದರೋ ಕಾಗದವು ಬಂದು ತಲಪಿದೆ; ಓದುತ್ತಿರುವಾಗ ಓದುಗನೇ ಕುಸಿದುಬಿದ್ದಿದ್ದಾನೆ. ಬ್ರೌಸರೆಂಬುದು ಪ್ರಪಂಚದ ಯಾವ ಮೂಲೆಯಿಂದ ಎಂತಹ ಪುಟ ಬಂದರೂ ಅದನ್ನು ಓದಲೆಂದೇ ನಿರ್ಮಿತವಾದ ಯಂತ್ರ. ಪುಟದಲ್ಲಿ ತಪ್ಪಿದ್ದರೆ ಅದನ್ನು ತಪ್ಪಾಗಿ ತೋರಿಸಲಿ, ಇಲ್ಲವೇ ತೋರಿಸದೆ ಇರಲಿ, ತಾನೇ ಬಿದ್ದುಹೋಗತಕ್ಕದ್ದಲ್ಲ. ಬಿದ್ದಿತೆಂದರೆ ದೋಷವು ಬ್ರೌಸರಿನಲ್ಲಾಗಲಿ, ಅದರ ಕೆಳಗಿರುವ ತಂತ್ರಾಂಶದಲ್ಲಾಗಲಿ, ಯಂತ್ರಭಾಗದಲ್ಲಾಗಲಿ ಇರಲೇಬೇಕು. ನಮ್ಮ ಹಿಂದಿನ ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ ಜಾಲತಾಣವು ಇಲ್ಲಿ ಕೇವಲ ನಿಮಿತ್ತ.

ಇದಕ್ಕೊಂದು ಪ್ರಸಿದ್ಧ ನಿದರ್ಶನವುಂಟು. 2018ರ ಫೆಬ್ರುವರಿಯಲ್ಲಿ ಐಫೋನುಗಳು ಒಂದು ತೆಲುಗು ಅಕ್ಷರವನ್ನು ಕಂಡೊಡನೆಯೇ ತತ್ತರಿಸತೊಡಗಿದುವು. ಆ ಅಕ್ಷರವು ಯಾವ ಸಂದೇಶದಲ್ಲಿ ಬಂದರೂ ಅದನ್ನು ತೋರಿಸಹೊರಟ ತಂತ್ರಾಂಶವು ಮುಚ್ಚಿಹೋಗುತ್ತಿದ್ದಿತು. ಯಾವ ಅಕ್ಷರವೆಂದರೆ, ಜ್ಞಾನವೆಂಬ ಪದದ ಮೊದಲನೆಯ ‘ಜ್ಞಾ’! ಆದರೆ ಅದರ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವೂ ಅಡಗಿದ್ದಿತು. ಒತ್ತಕ್ಷರವಾಗದಂತೆ ತಡೆಯಲು ನಾವು ಕನ್ನಡದಲ್ಲಿ ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಬಳಸುವ ಸಂಕೇತವೇ ಅದು. ಹಲವರು ಅದನ್ನು ‘ಕೊಲೆಗಡುಕ ಅಕ್ಷರ’ವೆಂದೇ ಭಾವಿಸಿದರು. ಪಾಪ, ಅಕ್ಷರವೇನು ಮಾಡೀತು? ವ್ಯಂಜನ, ಒತ್ತು, ಕಾಣದ ಸಂಕೇತ, ಸ್ವರ ಇವು ಒಂದು ಕ್ರಮದಲ್ಲಿ ಕೂಡಿದಾಗ ಆಕಾರವನ್ನು ಲೆಕ್ಕ ಹಾಕುವ ಭಾಗದಲ್ಲಿದ್ದ ದೋಷವು ಹೊರಬಿದ್ದಿತು, ಅಷ್ಟೆ. ಅದೇ ತಿಂಗಳ 19ರಂದು ಆಪಲ್ ಸಂಸ್ಥೆಯು 11.2.6 ಎಂಬ ಆವೃತ್ತಿಯನ್ನು ಹೊರಡಿಸಿ ಅದನ್ನು ಸರಿಪಡಿಸಿತು. ತೆಲುಗರು ತಮ್ಮ ಲಿಪಿಯನ್ನು ತಿದ್ದಿಕೊಳ್ಳಬೇಕಾಗಲಿಲ್ಲ.

ಹಾಗಾದರೆ ನಮ್ಮ ಕಾಲೇಜಿನ ಬ್ರೌಸರನ್ನು ಕೆಡವಿದ್ದು ಯಾವುದು? ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಪ್ರತಿವರ್ಷವೂ ನಾವು ಒಂದು ದೃಶ್ಯವನ್ನು ನೋಡುತ್ತೇವೆ. ಮೀಟರ್ ಬ್ರಿಡ್ಜಿನ ಮುಂದೆ ನಿಂತ ವಿದ್ಯಾರ್ಥಿಯ ಗ್ಯಾಲ್ವನಾಮೀಟರಿನ ಮುಳ್ಳು ಅಲುಗುವುದಿಲ್ಲ. ಆತನು ಕೂಡಲೇ ಎಲ್ಲ ತಂತಿಗಳನ್ನೂ ಎಳೆದು, ಎಲ್ಲ ತಿರುಪುಗಳನ್ನೂ ಬಿಗಿಮಾಡಿ, ಬ್ಯಾಟರಿಯನ್ನೂ ಬದಲಿಸಿಬಿಡುತ್ತಾನೆ. ಮುಳ್ಳು ಅಲುಗಿದರೆ ಸಂತೋಷ. ಆದರೆ ಏಕೆ ಅಲುಗಿತೆಂಬುದು ಆತನಿಗೂ ತಿಳಿಯದು, ನಮಗೂ ತಿಳಿಯದು. ಕಂಪ್ಯೂಟರಿನ ಚಿಕಿತ್ಸೆಯೂ ನಮ್ಮಲ್ಲಿ ಇದೇ ಬಗೆಯದು. ಬ್ರೌಸರನ್ನು ತೆಗೆದು ಹಾಕಿ ಮತ್ತೆ ಸ್ಥಾಪಿಸುವುದು, ಕೂಡಿಟ್ಟ ದತ್ತವನ್ನೆಲ್ಲ ಅಳಿಸುವುದು, ಅದೂ ಸಾಲದಿದ್ದರೆ ಇಡೀ ಡಿಸ್ಕನ್ನೇ ‘ಫಾರ್ಮ್ಯಾಟ್’ ಮಾಡುವುದು. ನೆಗಡಿಗೆ ಮೂಗನ್ನು ಕೊಯ್ದಂತಾಯಿತು. ಒಂದು ಸಲಕ್ಕೆ ಒಂದನ್ನೇ ಬದಲಿಸು, ಬದಲಿಸಿದ್ದನ್ನು ಬರೆದಿಡು ಎಂಬ ಪ್ರಯೋಗಶಾಲೆಯ ನಿಯಮವು ಕಂಪ್ಯೂಟರಿನ ಮುಂದೆ ಕುಳಿತೊಡನೆ ವಿದ್ಯಾವಂತರಿಗೂ ಮರೆತುಹೋಗುವುದು ವಿಚಿತ್ರವೇ ಸರಿ.

ನಾವು ಆ ದಿನ ಆ ನಿಯಮಕ್ಕೆ ಕಟ್ಟುಬಿದ್ದು ಒಂದು ನೋಟುಪುಸ್ತಕವನ್ನು ತೆರೆದೆವು. ಮೊದಲು ನೋಡಬೇಕಾದದ್ದು, ಬಿದ್ದದ್ದು ಯಾವುದು ಎಂಬುದನ್ನು. 2008ರಲ್ಲಿ ಕ್ರೋಮ್ ಬಂದಾಗಿನಿಂದ ಪುಟಗಳನ್ನು ಬೇರೆಬೇರೆ ಪ್ರಕ್ರಿಯೆಗಳಾಗಿ ನಡೆಸುವ ಪದ್ಧತಿಯು ಹರಡಿತು. ಫೈರ್‌ಫಾಕ್ಸ್ 2016ರಲ್ಲಿ ಆ ದಾರಿಗೆ ಬಂದಿತು. ಆದಕಾರಣ ಈಗ ಪುಟವೊಂದು ಕೆಟ್ಟರೆ ಸಾಮಾನ್ಯವಾಗಿ ಆ ಪುಟವೊಂದೇ ಸಾಯುತ್ತದೆ, ಉಳಿದವು ಬದುಕುತ್ತವೆ. ನಮ್ಮಲ್ಲಿಯಾದರೋ ಇಡೀ ಬ್ರೌಸರೇ ಮಾಯವಾಗುತ್ತಿದ್ದಿತು. ಇದು ಪುಟಕ್ಕಿಂತ ಆಳದ ದೋಷವೆಂಬುದಕ್ಕೆ ಮೊದಲ ಸುಳಿವು. ಮೂರು ಸಲವೂ ಮೊದಲ ಪುಟದ ಮೇಲ್ಭಾಗದ ಚಿತ್ರಗಳ ಸಾಲು ಜಾರತೊಡಗಿದೊಡನೆಯೇ ಹೀಗಾಯಿತು. ಬೇರೆ ಜಾಲತಾಣಗಳು ನಿರಾತಂಕವಾಗಿ ತೆರೆದುಕೊಂಡುವು. ಮೂರು ಸಲವೂ ಒಂದೇ ಕಡೆ ಬೀಳುವ ದೋಷವೆಂದರೆ ಹುಡುಕುವವನಿಗೆ ಭಾಗ್ಯ. ಮನಸ್ಸು ಬಂದಾಗ ಬೀಳುವುದೇ ನಿಜವಾದ ಪೀಡೆ.

ಆಮೇಲೆ ಖಾಸಗಿ ಕಿಟಕಿಯಲ್ಲಿ ತೆರೆದೆವು. ಅಲ್ಲಿ ಹಳೆಯ ಕುಕಿಗಳಾಗಲಿ, ಕೂಡಿಟ್ಟ ದತ್ತವಾಗಲಿ ಬಳಕೆಗೆ ಬರುವುದಿಲ್ಲ. ನಾವಾಗಿ ಅನುಮತಿ ಕೊಡದ ಹೊರತು ಎಕ್ಸ್‌ಟೆನ್ಷನ್ ಎಂಬ ಅಂಟುಭಾಗಗಳೂ ನಡೆಯುವುದಿಲ್ಲ. ಅಲ್ಲಿಯೂ ಬಿದ್ದಿತು. ಒಂದೇ ಪ್ರಯೋಗದಿಂದ ಮೂವರು ಆರೋಪಿಗಳು ಬಿಡುಗಡೆ ಹೊಂದಿದರು. ಅಲ್ಲಿ ಬೀಳದೆ ಇದ್ದಿದ್ದರೆ ಎಕ್ಸ್‌ಟೆನ್ಷನ್‌ಗಳನ್ನು ಅರ್ಧರ್ಧವಾಗಿ ನಿಲ್ಲಿಸಿ ನೋಡಬಹುದಾಗಿತ್ತು. ನಮ್ಮ ಪಕ್ಕದ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ಸುಮಾರು 92 ಮೈಲಿ ತಂತಿ ಎಳೆದು ವಿದ್ಯುತ್ತನ್ನು ಒಯ್ದರಷ್ಟೆ. ಅಂತಹ ತಂತಿಯಲ್ಲಿ ಒಂದೆಡೆ ಕಡಿದಿದ್ದರೆ ಪ್ರತಿ ಕಂಬವನ್ನೂ ಹತ್ತಬೇಕಾಗಿಲ್ಲ. ನಡುವೆ ಪರೀಕ್ಷಿಸಿದರೆ ಅರ್ಧ ದಾರಿಯು ಒಮ್ಮೆಗೇ ನಿರ್ದೋಷಿಯಾಗುತ್ತದೆ. ಹದಿನಾರು ಎಕ್ಸ್‌ಟೆನ್ಷನ್‌ಗಳಲ್ಲಿ ಕೆಟ್ಟದ್ದು ಒಂದೇ ಆಗಿದ್ದರೆ ನಾಲ್ಕು ಪರೀಕ್ಷೆಗಳಲ್ಲಿ ಸಿಕ್ಕಿಬೀಳುತ್ತದೆ.

ಬಳಿಕ ಇನ್ನೊಂದು ಬ್ರೌಸರನ್ನು ಪ್ರಯೋಗಿಸಿದೆವು. ಅದೂ ಬಿದ್ದಿತು. ‘ನೋಡಿದಿರಾ, ಜಾಲತಾಣದ್ದೇ ತಪ್ಪು’ ಎಂದು ಸಹೋದ್ಯೋಗಿಗಳೊಬ್ಬರು ಉತ್ಸಾಹದಿಂದ ನುಡಿದರು. ಆದರೆ ಇಂದು ಹೆಸರು ಬೇರೆಯಾದ ಅನೇಕ ಬ್ರೌಸರುಗಳು, ಕ್ರೋಮ್, ಎಡ್ಜ್, ಒಪೆರಾ ಮೊದಲಾದುವು, ಕ್ರೋಮಿಯಂ ಎಂಬ ಒಂದೇ ಬುಡದ ಮೇಲೆ ಕಟ್ಟಿದವು. ನಾವು ಹಿಡಿದದ್ದೂ ಅದೇ ಬುಡದ ಇನ್ನೊಂದು ಕೊಂಬೆ. ಒಂದೇ ಮನೆಯ ಇಬ್ಬರ ಸಾಕ್ಷ್ಯಕ್ಕೆ ಎರಡು ಸಾಕ್ಷ್ಯಗಳ ಬೆಲೆಯಿಲ್ಲ. ಯಳಂದೂರಿನಲ್ಲಿರುವ ನಮ್ಮ ಮಿತ್ರರಿಗೆ ಫೋನು ಮಾಡಿ ಅವರ ಹೊಸ ಲ್ಯಾಪ್‌ಟಾಪಿನಲ್ಲಿ ತೆರೆಯಲು ಕೇಳಿಕೊಂಡದ್ದೇ ನಿಜವಾದ ಸಾಕ್ಷ್ಯವನ್ನು ಒದಗಿಸಿತು. ಅದೇ ಬ್ರೌಸರು, ಅದೇ ಆವೃತ್ತಿ, ಅದೇ ಗಳಿಗೆ. ಅಲ್ಲಿ ಪುಟವು ನಿಶ್ಚಿಂತೆಯಿಂದ ತೆರೆದುಕೊಂಡಿತು. ಆದುದರಿಂದ ಹನೂರಿಗೂ ಕೊಳ್ಳೇಗಾಲಕ್ಕೂ ಸಾಮಾನ್ಯವಾಗಿದ್ದು ಯಳಂದೂರಿನಲ್ಲಿ ಇಲ್ಲದಿರುವುದು ಯಾವುದು ಎಂಬುದೇ ಉಳಿದ ಪ್ರಶ್ನೆ. ಹನೂರಿನ ಕೇಂದ್ರವನ್ನು ವಿಚಾರಿಸಲಾಗಿ, ಅವರ ಕಂಪ್ಯೂಟರೂ ನಮ್ಮದರಂತೆ ಹಳೆಯದು, ಅದೇ ಮಾದರಿಯದು ಎಂದು ತಿಳಿಯಿತು.

ಜಾರುವ ಚಿತ್ರಗಳಂತಹ ಕೆಲಸವನ್ನು ಬ್ರೌಸರು ತಾನೇ ಮಾಡದೆ ಗ್ರಾಫಿಕ್ಸ್ ಚಿಪ್ಪಿಗೆ ಒಪ್ಪಿಸುತ್ತದೆ. ಇದಕ್ಕೆ ಹಾರ್ಡ್‌ವೇರ್ ಆಕ್ಸಿಲರೇಷನ್ ಎನ್ನುತ್ತಾರೆ. ಬ್ರೌಸರಿಗೂ ಚಿಪ್ಪಿಗೂ ನಡುವೆ ಡ್ರೈವರ್ ಎಂಬ ತಂತ್ರಾಂಶವು ದುಭಾಷಿಯಂತೆ ನಿಂತಿರುತ್ತದೆ. ದುಭಾಷಿಯು ಹಳಬನಾಗಿ ಹೊಸ ಮಾತೊಂದನ್ನು ತಪ್ಪಾಗಿ ಗ್ರಹಿಸಿದರೆ ಅನರ್ಥವಾಗುತ್ತದೆ. ಸೆಟ್ಟಿಂಗ್ಸಿನಲ್ಲಿ ಈ ಸೌಕರ್ಯವೊಂದನ್ನು ಮಾತ್ರ ನಿಲ್ಲಿಸಿ ಬ್ರೌಸರನ್ನು ಮತ್ತೆ ತೆರೆದೆವು. ಚಿತ್ರಗಳು ಕುಂಟುತ್ತ ಜಾರಿದುವು, ಪುಟವು ನಿಂತಿತು. ಹುಡುಗಿಯ ಅರ್ಜಿಯು ಆ ಸಂಜೆಯೇ ಸಲ್ಲಿಕೆಯಾಯಿತು.

ಈಗ ನಮ್ಮ ಆಕ್ಷೇಪಕ್ಕೆ ಹಿಂದಿರುಗೋಣ. ಜಾಲತಾಣವು ನಿಮಿತ್ತಮಾತ್ರವೆಂದೆವು, ಆದರೆ ಅದನ್ನು ರಚಿಸಿದವರಿಗೆ ಹೊಣೆಯೇ ಇಲ್ಲವೆಂದು ನಾವು ಹೇಳಲಿಲ್ಲ. ಅರ್ಜಿಯ ಪುಟಕ್ಕೆ ಜಾರುವ ಚಿತ್ರಗಳೇತಕ್ಕೆ? ಮಲೆಯ ತಪ್ಪಲಿನ ಹಳ್ಳಿಯ ಮಕ್ಕಳು ತುಂಬಬೇಕಾದ ಜಾಲತಾಣವನ್ನು ಹನೂರಿನ ಅಂಗಡಿಯಲ್ಲಿರುವಂತಹ ಹಳೆಯ ಕಂಪ್ಯೂಟರಿನಲ್ಲಿ ಒಮ್ಮೆ ತೆರೆದು ನೋಡಿದ ಬಳಿಕವೇ ಸಾರ್ವಜನಿಕರ ಮುಂದಿಡಬೇಕು. ‘ಹೊಸ ಕಂಪ್ಯೂಟರು ತೆಗೆದುಕೊಳ್ಳಿ, ಹೊಸ ಬ್ರೌಸರು ಹಾಕಿಕೊಳ್ಳಿ’ ಎನ್ನುವುದು ಸುಲಭ. ವಿಂಡೋಸ್ 7 ಇರುವ ಯಂತ್ರಗಳಿಗೆ 2023ರ ಜನವರಿಯಲ್ಲಿ ಬಂದ ಕ್ರೋಮ್ 109ರಿಂದ ಮುಂದಿನ ಆವೃತ್ತಿಗಳೇ ಇಲ್ಲ. ಹಳೆಯ ಬ್ರೌಸರು ಅಪಾಯಕರವೆಂಬುದು ನಿಜ, ಸಾಧ್ಯವಾದವರು ಬದಲಿಸಲೇಬೇಕು. ಆದರೆ ಬದಲಿಸಲಾಗದ ಬಡತನದ ದಂಡವನ್ನು ವಿದ್ಯಾರ್ಥಿವೇತನ ಬೇಡುವ ಮಗುವಿನಿಂದ ವಸೂಲು ಮಾಡುವುದು ಯಾವ ನ್ಯಾಯ?

ಬಳಸುವವರಾದ ನಮ್ಮ ಪಾಲಿನ ಹೊಣೆಯೂ ಇದೆ. ಬಿದ್ದ ಬ್ರೌಸರನ್ನು ಮತ್ತೆ ತೆರೆದಾಗ ‘ವರದಿ ಕಳುಹಿಸಲೇ?’ ಎಂದು ಅದು ಕೇಳುವುದುಂಟು. ಬೀಳುವ ಕ್ಷಣದಲ್ಲಿ ಯಾವ ಕಾರ್ಯದೊಳಗೆ ಯಾವ ಕಾರ್ಯವು ನಡೆಯುತ್ತಿದ್ದಿತೆಂಬ ಸರಣಿಯು ಆ ವರದಿಯಲ್ಲಿರುತ್ತದೆ. ತಜ್ಞರಿಗೆ ಅದು ಪಂಚನಾಮೆಯಷ್ಟು ಬೆಲೆಯುಳ್ಳದ್ದು. ತೆರೆದಿದ್ದ ಪುಟದ ವಿಳಾಸವೂ ಅದರಲ್ಲಿ ಸೇರಿರಬಹುದಾದ್ದರಿಂದ ಗೋಪ್ಯವಾದ ಕೆಲಸದಲ್ಲಿದ್ದವರು ಯೋಚಿಸಿ ಕಳುಹಿಸಲಿ. ಉಳಿದವರು ಬೇಡವೆಂದು ಒತ್ತುವುದೇಕೆಂದು ನಮಗೆ ತಿಳಿಯದು. ಕಾಲೇಜುಗಳ ಪ್ರಯೋಗಶಾಲೆಯಲ್ಲಿಯೂ ಬೇಕೆಂದೇ ಕೆಡಿಸಿಟ್ಟ ಕಂಪ್ಯೂಟರೊಂದನ್ನು ಕೊಟ್ಟು, ಒಂದೊಂದೇ ಅಂಶವನ್ನು ಬದಲಿಸಿ ದೋಷವನ್ನು ಹಿಡಿಯುವ ಅಭ್ಯಾಸವನ್ನು ಏರ್ಪಡಿಸಬೇಕೆಂದು ನಮ್ಮ ಅಭಿಪ್ರಾಯ. ಮೀಟರ್ ಬ್ರಿಡ್ಜಿಗಿಂತ ಇದು ಯಾವ ರೀತಿಯಲ್ಲಿಯೂ ಕೀಳಾದ ಪ್ರಯೋಗವಲ್ಲ.

ಅರ್ಜಿ ಹೋದ ಮರುದಿನ ನಾವು ನಿಲ್ಲಿಸಿದ್ದ ಆ ಸೌಕರ್ಯವನ್ನು ಮತ್ತೆ ಚಾಲೂ ಮಾಡಿದೆವು. ‘ಸರಿಯಾಗಿರುವುದನ್ನು ಏತಕ್ಕೆ ಕೆಡಿಸುತ್ತೀರಿ ಸ್ವಾಮಿ?’ ಎಂದು ನಮ್ಮ ಅಟೆಂಡರರು ಬೇಸರಪಟ್ಟರು. ಮದ್ದನ್ನು ನಿಲ್ಲಿಸಿದಾಗ ರೋಗವು ಮರಳದಿದ್ದರೆ ವಾಸಿಯಾದದ್ದು ಆ ಮದ್ದಿನಿಂದಲೇ ಎಂದು ಹೇಳಬರುವುದಿಲ್ಲವಲ್ಲ. ಬ್ರೌಸರು ಬಿದ್ದಿತು. ಅನಂತರ ಡ್ರೈವರಿನ ಹೊಸ ಆವೃತ್ತಿಯನ್ನು ಹಾಕಿ, ಸೌಕರ್ಯವನ್ನು ಚಾಲೂ ಇಟ್ಟೇ ಪುಟವನ್ನು ತೆರೆದೆವು. ಚಿತ್ರಗಳು ನುಣ್ಣಗೆ ಜಾರಿದುವು. ಡ್ರೈವರಿನ ಹಳೆಯ, ಹೊಸ ಆವೃತ್ತಿಗಳೆರಡನ್ನೂ ನೋಟುಪುಸ್ತಕದಲ್ಲಿ ಬರೆದು, ಅದರ ಪ್ರತಿಯೊಂದನ್ನು ಆ ಹುಡುಗಿಯ ಕೈಯಲ್ಲಿಯೇ ಹನೂರಿನ ಕೇಂದ್ರಕ್ಕೆ ಕಳುಹಿಸಿಕೊಟ್ಟೆವು.