ಮರಣವನ್ನು ಮೀರಿದ ಬಂಧ

ಅಮೆರಿಕದ ಯೂಟಾ ಸಂಸ್ಥಾನದಲ್ಲಿ ಮಾರ್ಮನ್ ಮತಸ್ಥರು ಬಹುಮಂದಿ ಇರುವರು. ತಮ್ಮ ದೇವಾಲಯದಲ್ಲಿ ವಿಧಿವತ್ತಾಗಿ ನಡೆದ ವಿವಾಹವು ಮರಣದಿಂದ ಮುಗಿಯದೆಂದೂ, ಸತಿಪತಿಗಳೂ ಮಕ್ಕಳೂ ಪರಲೋಕದಲ್ಲಿಯೂ ಒಂದೇ ಕುಟುಂಬವಾಗಿರುವರೆಂದೂ ಅವರ ನಂಬುಗೆ. ಆದರೆ ಆ ವಿಧಿಗೆ ವಧೂವರರಿಬ್ಬರೂ ಸ್ವಮತದವರೇ ಆಗಿರತಕ್ಕದ್ದು.

ಅಲ್ಲಿಯ ಹದಿನೇಳು ವರ್ಷದ ಕನ್ಯೆಯೊಬ್ಬಳನ್ನು ನಾವು ಊಹಿಸಿಕೊಳ್ಳೋಣ. ಅವಳ ತಮ್ಮನು ತೀರಿಹೋಗಿರುವನು; ಅವನನ್ನು ಮರಳಿ ಕಾಣುವೆವೆಂಬ ನಂಬುಗೆಯೇ ಆ ಮನೆಗೆ ಆಧಾರ. ಶೋಕದ ದಿನಗಳಲ್ಲಿ ಮಾತಿಲ್ಲದೆ ಪಕ್ಕದಲ್ಲಿ ಕುಳಿತಿದ್ದ ಸಹಪಾಠಿಯಲ್ಲಿ ಅವಳಿಗೆ ಅನುರಾಗವುಂಟಾಗಿರುವುದು; ಅವನಾದರೋ ಅನ್ಯಮತದವನು. ತಮ್ಮನನ್ನು ಉಳಿಸಿಕೊಟ್ಟ ನಂಬುಗೆಯೇ ಪ್ರಿಯನನ್ನು ಅಗಲಿಸುವುದು. ಇದಕ್ಕಿಂತ ಧರ್ಮಸಂಕಟವುಂಟೇ?

ಈ ಮತವನ್ನು 1830ರಲ್ಲಿ ಸ್ಥಾಪಿಸಿದ ಜೋಸೆಫ್ ಸ್ಮಿತ್ತನಿಗೂ ಭ್ರಾತೃಶೋಕವಿದ್ದಿತು. ಅವನ ಅಣ್ಣ ಆಲ್ವಿನ್ 1823ರಲ್ಲಿ ದೀಕ್ಷಾಸ್ನಾನವಾಗದೆಯೇ ಮೃತನಾದನು. ಅಂತಹವರಿಗೂ ಸದ್ಗತಿಯುಂಟೆಂದು ತನಗೆ 1836ರಲ್ಲಿ ದರ್ಶನವಾಯಿತೆಂದು ಸ್ಮಿತ್ತನು ಹೇಳಿದನು. ಶೋಕವೇ ಅಲ್ಲಿ ಬಾಗಿಲನ್ನು ಅಗಲಮಾಡಿತೆಂದು ನಮಗೆ ತೋರುವುದು.

ಆದುದರಿಂದ ಅಳುತ್ತಿರುವ ಬಾಲೆಯಿಂದ ಹಿರಿಯರು ಭಾಷೆ ಪಡೆಯಲಾಗದು. ಆ ಹುಡುಗನೂ ಕೇವಲ ಅವಳಿಗಾಗಿ ದೀಕ್ಷೆ ಕೈಕೊಳ್ಳಲಾಗದು. ಕಣ್ಣೀರು ಆರಿದ ಮೇಲೂ ಉಳಿಯುವ ನಿಶ್ಚಯವೇ ನಿಶ್ಚಯವೆಂದು ನಮ್ಮ ಅಭಿಪ್ರಾಯ.